ಉರುಳುವ ಕಲ್ಲಿನ ಕಥೆ

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದೊಡನೆ ಬಾಯಿಪಾಠ ಮಾಡಬೇಕಾಗುವ ನಾಣ್ನುಡಿಗಳಲ್ಲಿ ‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್’ ಎಂಬುದೊಂದು. ‘ಉರುಳುವ ಕಲ್ಲಿಗೆ ಪಾಚಿ ಕಟ್ಟದು’ ಎಂದು ಅದನ್ನು ನಾವು ಕನ್ನಡಿಸುತ್ತೇವೆ. ಒಂದು ಕಡೆ ನಿಲ್ಲದೆ ಊರಿನಿಂದ ಊರಿಗೆ, ಕಸುಬಿನಿಂದ ಕಸುಬಿಗೆ ಅಲೆಯುವವನನ್ನು ಇಂಗ್ಲಿಷಿನವರು ‘ಉರುಳುವ ಕಲ್ಲು’ ಎಂದೇ ಕರೆಯುತ್ತಾರೆ. ಇರುವುದು ಆರೇ ಶಬ್ದ. ಅರ್ಥವೂ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟವೆಂದು ತೋರುತ್ತದೆ. ಆದರೆ ಹತ್ತು ಮಂದಿ ವಿದ್ಯಾರ್ಥಿಗಳನ್ನು ಕೂರಿಸಿ ಇದರ ತಾತ್ಪರ್ಯವನ್ನು ಬರೆಯಹೇಳಿ ನೋಡಿ. ಕೆಲವರು ‘ಅಲೆಯುವವನು ಏನನ್ನೂ ಗಳಿಸಲಾರ, ಆದ್ದರಿಂದ ಅಲೆಯಬಾರದು’ ಎಂದು ಬರೆಯುತ್ತಾರೆ. ಉಳಿದವರು ‘ಸದಾ ಚಲಿಸುತ್ತಿರುವವನಿಗೆ ಜಡತ್ವ ಅಂಟದು, ಆದ್ದರಿಂದ ಚಲಿಸುತ್ತಿರಬೇಕು’ ಎಂದು ಬರೆಯುತ್ತಾರೆ. ಒಂದೇ ಗಾದೆಯಿಂದ ಎರಡು ಬೋಧೆ, ಅದೂ ಪರಸ್ಪರ ವಿರುದ್ಧವಾದವು. ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟರು ಎರಡನೆಯ ಉತ್ತರಕ್ಕೆ ಕೆಂಪು ಗೆರೆ ಎಳೆಯುತ್ತಿದ್ದರು. ಕನ್ನಡ ಪಾಠ ಹೇಳುವ ನನಗೆ ಆ ಗೆರೆಯನ್ನು ಕಂಡಾಗಲೆಲ್ಲ ಹುಡುಗರ ಪಕ್ಷ ವಹಿಸಿ ವಾದಿಸಬೇಕೆನ್ನಿಸುತ್ತಿತ್ತು.

ಏಕೆಂದರೆ ಇಲ್ಲಿ ಎಡವಟ್ಟು ಮಾಡಿರುವುದು ಹುಡುಗನ ಬುದ್ಧಿಯಲ್ಲ, ‘ಪಾಚಿ’ ಎಂಬ ನಮ್ಮ ಶಬ್ದ. ಪಾಚಿಯೆಂದರೆ ಕನ್ನಡಿಗನ ಕಣ್ಣ ಮುಂದೆ ನಿಲ್ಲುವುದು ಬಾವಿಯ ಕಟ್ಟೆ, ಕಲ್ಯಾಣಿಯ ಮೆಟ್ಟಿಲು, ಮಳೆಗಾಲದ ಹಿತ್ತಲು. ಎಚ್ಚರ ತಪ್ಪಿ ಕಾಲಿಟ್ಟರೆ ಸೊಂಟ ಮುರಿಯಿತೆಂದೇ ಲೆಕ್ಕ. ಹಬ್ಬ ಬಂತೆಂದರೆ ಅದನ್ನು ಕೆರೆದು ತೊಳೆಯಬೇಕು. ‘ಹಾವಸೆ’ ಎಂದರೂ ಅಷ್ಟೆ, ಸಂಸ್ಕೃತದ ‘ಶೈವಲ’ ಎಂದರೂ ಅಷ್ಟೆ. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ನಾರುಡೆಯುಟ್ಟ ಶಕುಂತಲೆಯನ್ನು ಕಂಡು ತಾವರೆಗೆ ಶೈವಲ ಅಂಟಿಕೊಂಡಿದ್ದರೂ ಅದರ ಚೆಲುವು ಕುಂದದೆನ್ನುತ್ತಾನಷ್ಟೆ. ಆ ‘ಅಂಟಿಕೊಂಡಿದ್ದರೂ’ ಎಂಬುದರಲ್ಲಿಯೇ ಶೈವಲದ ಮರ್ಯಾದೆ ಎಷ್ಟೆಂಬುದು ತಿಳಿದುಹೋಗುತ್ತದೆ. ಸಾಲದುದಕ್ಕೆ ‘ನಿಂತ ನೀರು ಕೊಳೆಯುತ್ತದೆ’ ಎಂಬ ಮಾತನ್ನೂ, ‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬ ಗಾದೆಯನ್ನೂ ಕೇಳುತ್ತ ಬೆಳೆದ ಹುಡುಗ ಅವನು. ಉರುಳಿದರೆ ಪಾಚಿ ಕಟ್ಟುವುದಿಲ್ಲವೆಂದು ಕೇಳಿದಾಗ ‘ಸರಿ, ಹಾಗಾದರೆ ಉರುಳೋಣ’ ಎಂದು ಅವನು ನಿಶ್ಚಯಿಸಿದರೆ ಆಶ್ಚರ್ಯವೇನು?

ಇಂಗ್ಲಿಷಿನ ‘ಮಾಸ್’ ನಮ್ಮ ಕೆರೆಯ ಪಾಚಿಯೇ ಅಲ್ಲ. ಕೆರೆಯ ನೀರಿನ ಮೇಲೆ ತೇಲುವುದು ಶೈವಲ ವರ್ಗದ್ದು. ಮಾಸ್ ಎಂಬುದು ನೆಲದ ಮೇಲೆ, ಮರದ ತೊಗಟೆಯ ಮೇಲೆ, ಬಂಡೆಯ ಮೇಲೆ ಹಸುರು ಮಕಮಲ್ಲಿನ ಹಾಗೆ ಹಬ್ಬುವ ಸಣ್ಣ ಗಿಡ. ಮಲೆನಾಡಿನವರು ಹಳೆಯ ಹೆಂಚಿನ ಮೇಲೆ, ಅಡಕೆಯ ತೋಟದ ಕಲ್ಲುಗೋಡೆಯ ಮೇಲೆ ಅದನ್ನು ನಿತ್ಯವೂ ಕಾಣುತ್ತಾರೆ. ಅದಕ್ಕೆ ಎಲೆಯಂಥ ಭಾಗಗಳುಂಟು, ಕಾಂಡದಂಥ ಭಾಗವುಂಟು. ನಿಜವಾದ ಬೇರು ಮಾತ್ರ ಇಲ್ಲ. ನೂಲಿನಂಥ ಎಳೆಗಳಿಂದ ಕಲ್ಲನ್ನು ಹಿಡಿದುಕೊಂಡು ಮೈಯೆಲ್ಲದರಿಂದ ನೀರು ಕುಡಿಯುತ್ತದೆ. ‘ಬೇರೂರಿ ನಿಲ್ಲು’ ಎಂದು ಲೋಕಕ್ಕೆ ಬುದ್ಧಿ ಹೇಳಲು ಇಂಗ್ಲಿಷಿನವರು ಆರಿಸಿಕೊಂಡ ಗಿಡಕ್ಕೆ ಬೇರೇ ಇಲ್ಲವೆಂಬುದು ಒಂದು ವಿನೋದ. ಇರಲಿ. ಚಳಿದೇಶಗಳಲ್ಲಿ ಅದು ಬಹು ನಿಧಾನವಾಗಿ ಬೆಳೆಯುತ್ತದೆ. ಕಲ್ಲಿನ ಮೇಲೆ ದಟ್ಟವಾದ ಹಸುರು ಮುಚ್ಚಿಗೆ ಕಂಡಿತೆಂದರೆ ಆ ಕಲ್ಲು ತಲೆಮಾರುಗಳಿಂದ ಅಲ್ಲಿಯೇ ಇದೆಯೆಂದು ಅರ್ಥ. ಮರದ ದಿಮ್ಮಿಗಳಿಂದ ಮನೆ ಕಟ್ಟುವವರು ಗಾಳಿ ನುಗ್ಗದಂತೆ ಸಂದುಗಳಿಗೆ ಅದನ್ನು ತುರುಕುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಜೌಗುನೆಲದ ಒಂದು ಜಾತಿಯ ಮಾಸನ್ನು ಗಾಯಕ್ಕೆ ಕಟ್ಟಲು ಹತ್ತಿಯ ಬದಲಾಗಿ ಬಳಸಿದರು. ಹೀಗೆ ಆ ಜನರ ಕಣ್ಣಿನಲ್ಲಿ ಅದು ಕೊಳೆಯಲ್ಲ. ನೆಲೆನಿಂತವನಿಗೆ ಕಾಲವು ತಾನಾಗಿ ಹೊದಿಸುವ ಶಾಲು.

ಇನ್ನು ಗಾದೆಯ ಹುಟ್ಟನ್ನು ನೋಡೋಣ. ಸೂಕ್ತಿಸಂಗ್ರಹಗಳನ್ನು ತೆರೆದರೆ ಇದು ಪಬ್ಲಿಲಿಯಸ್ ಸೈರಸ್ ಎಂಬ ರೋಮನ್ ಲೇಖಕನದೆಂದು ಮುದ್ರಿಸಿರುವುದನ್ನು ಕಾಣುವಿರಿ. ಈತ ಕ್ರಿಸ್ತಪೂರ್ವ ಒಂದನೆಯ ಶತಮಾನದವನು. ಸಿರಿಯಾ ದೇಶದಿಂದ ಗುಲಾಮನಾಗಿ ಇಟಲಿಗೆ ಬಂದು, ಬುದ್ಧಿಚಾತುರ್ಯದಿಂದ ಒಡೆಯನ ಮನಸ್ಸನ್ನು ಗೆದ್ದು ಬಿಡುಗಡೆ ಹೊಂದಿ, ಪ್ರಹಸನಗಳನ್ನು ಬರೆದು ಆಡಿ, ಜೂಲಿಯಸ್ ಸೀಸರನ ಮುಂದೆ ನಡೆದ ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದವನು. ಆತನ ನಾಟಕಗಳು ಅಳಿದುಹೋಗಿ, ಅವುಗಳಿಂದ ಆರಿಸಿದ ಒಂದೊಂದು ಸಾಲಿನ ನೀತಿವಾಕ್ಯಗಳು ಉಳಿದುಕೊಂಡವು. ಆದರೆ ಹೀಗೆ ಉಳಿದುಬಂದಿರುವ ವಾಕ್ಯಗಳಲ್ಲಿ ಉರುಳುವ ಕಲ್ಲು ಎಲ್ಲಿಯೂ ಇಲ್ಲ. ನಮ್ಮಲ್ಲಿ ಕರ್ತೃ ಗೊತ್ತಿಲ್ಲದ ಸುಭಾಷಿತಗಳನ್ನೆಲ್ಲ ಭರ್ತೃಹರಿಗೋ ಚಾಣಕ್ಯನಿಗೋ ಹೊರಿಸುವುದಿಲ್ಲವೆ? ಅಂಥದೇ ಸಂಗತಿ.

ಗಾದೆಯನ್ನು ಯೂರೋಪಿನ ವಿದ್ವಾಂಸರ ಕೈಗೆ ಇತ್ತವನು ಡೆಸಿಡೇರಿಯಸ್ ಎರಾಸ್ಮಸ್. ಹಾಲೆಂಡಿನ ರಾಟರ್‌ಡ್ಯಾಮಿನವನಾದ ಈ ಮಹಾಪಂಡಿತ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಲ್ಲಿ ಚದರಿದ್ದ ಗಾದೆಗಳನ್ನು ಕೂಡಿಸಿ, ಒಂದೊಂದಕ್ಕೂ ಟೀಕೆ ಬರೆದು, ೧೫೦೦ರಲ್ಲಿ ಪ್ಯಾರಿಸಿನಲ್ಲಿ ಅಚ್ಚು ಹಾಕಿಸಿದ. ಆಗ ಇದ್ದವು ಎಂಟುನೂರು ಚಿಲ್ಲರೆ. ೧೫೦೮ರಲ್ಲಿ ವೆನಿಸ್ ನಗರದಲ್ಲಿ ಹೊರಬಂದ ಆವೃತ್ತಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಆತ ತೀರಿಕೊಂಡ ೧೫೩೬ರ ಹೊತ್ತಿಗೆ ನಾಲ್ಕು ಸಾವಿರ ದಾಟಿದ್ದವು. ಅಲ್ಲಿ ಉರುಳುವ ಕಲ್ಲು ಗ್ರೀಕ್ ರೂಪದಲ್ಲಿಯೂ ಲ್ಯಾಟಿನ್ ರೂಪದಲ್ಲಿಯೂ ಇದೆ. ವಿಶೇಷವೇನೆಂದರೆ ಗ್ರೀಕ್ ಮಾತಿನಲ್ಲಿ ಕಲ್ಲಿಗೆ ಅಂಟದೆ ಹೋಗುವುದು ಮಾಸ್ ಅಲ್ಲ, ‘ಫೂಕೋಸ್’. ಅದು ಕಡಲ ಕರೆಯ ಬಂಡೆಗಳಲ್ಲಿ ಬೆಳೆಯುವ ಸಸ್ಯದ ಹೆಸರು. ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನು ತನ್ನ ಸಸ್ಯಶಾಸ್ತ್ರದಲ್ಲಿ, ಕ್ರೀಟ್ ದ್ವೀಪದ ಫೂಕೋಸಿನಿಂದ ಪಟ್ಟಿಗಳಿಗೂ ಉಣ್ಣೆಗೂ ಬಟ್ಟೆಗೂ ಬಣ್ಣ ಕಟ್ಟುತ್ತಿದ್ದರೆಂದು ಹೇಳಿದ್ದಾನೆ. ಹೆಂಗಸರು ಕೆನ್ನೆಗೆ ಹಚ್ಚುವ ಕೆಂಪಿಗೂ ಅದೇ ಹೆಸರಿತ್ತು. ಅಂದಮೇಲೆ ಫೂಕೋಸ್ ಅಂಟಿದ ಬಂಡೆ ಬೆಲೆಯುಳ್ಳ ಬಂಡೆ! ಅಲೆಯ ಹೊಡೆತಕ್ಕೆ ಅತ್ತಿತ್ತ ಉರುಳಾಡುವ ಕಲ್ಲಿನಿಂದ ಬಣ್ಣಗಾರನಿಗೆ ಒಂದು ಕಾಸೂ ಹುಟ್ಟದು. ಗಾದೆಯ ಮೂಲದಲ್ಲಿ ಗಳಿಕೆಯ ಅರ್ಥವೇ ಇತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲವೆಂದು ನನಗೆ ತೋರುತ್ತದೆ. ಲ್ಯಾಟಿನ್ನಿಗೆ ಬರುವಾಗ ಕಡಲು ಹಿಂದುಳಿಯಿತು, ಕಾಡಿನ ಮಾಸ್ ಅದರ ಸ್ಥಾನಕ್ಕೆ ಬಂದಿತು.

ಈ ಗಾದೆಯನ್ನು ಹರಡಿದ ಎರಾಸ್ಮಸನೇ ದೊಡ್ಡ ಉರುಳುಗಲ್ಲು. ಪ್ಯಾರಿಸ್, ಆಕ್ಸ್‌ಫರ್ಡ್, ಟ್ಯೂರಿನ್, ವೆನಿಸ್, ಕೇಂಬ್ರಿಜ್, ಲೂವೆನ್, ಬಾಸೆಲ್, ಫ್ರೈಬರ್ಗ್ ಎಂದು ಆತ ಜೀವಮಾನವೆಲ್ಲ ತಿರುಗಿದ. ೧೫೨೨ರಲ್ಲಿ ಜೂರಿಕ್ ನಗರದವರು ತಮ್ಮ ಪೌರತ್ವವನ್ನು ಕೊಡಬಂದಾಗ, ತಾನು ಒಂದು ಊರಿನವನಾಗುವುದಕ್ಕಿಂತ ಲೋಕದ ಪ್ರಜೆಯಾಗಬಯಸುವೆನೆಂದು ಉತ್ತರ ಬರೆದ. ಕಡೆಗೆ ಕಣ್ಣು ಮುಚ್ಚಿದ್ದು ಬಾಸೆಲಿನಲ್ಲಿ. ಮೂರು ಶತಮಾನಗಳ ಅನಂತರ ಅದೇ ಬಾಸೆಲಿನ ಮಿಷನ್ ಸಂಸ್ಥೆಯವರು ಮಂಗಳೂರಿಗೂ ಧಾರವಾಡಕ್ಕೂ ಬಂದು ಕನ್ನಡ ಮುದ್ರಣಕ್ಕೆ ಮಾಡಿದ ಉಪಕಾರ ನಿಮಗೆ ತಿಳಿದೇ ಇದೆ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟನ್ನು ಬಿಡಿಸಿದರೆ ಪುಟಪುಟಕ್ಕೂ ಕನ್ನಡ ಗಾದೆಗಳು. ಎರಾಸ್ಮಸನ ಊರಿನ ಗಾಳಿಯೇ ಅಂಥದೋ ಏನೋ!

ಇಂಗ್ಲೆಂಡಿಗೆ ಈ ಕಲ್ಲು ಉರುಳಿ ಬಂದ ಸಮಯವನ್ನು ಗಮನಿಸಬೇಕು. ಎರಾಸ್ಮಸನಿಗಿಂತ ಮೊದಲೇ, ಹದಿನಾಲ್ಕನೆಯ ಶತಮಾನದಲ್ಲಿ, ವಿಲಿಯಂ ಲ್ಯಾಂಗ್‌ಲಂಡ್ ಎಂಬ ಕವಿಯ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ ಇದರ ದಾಯಾದಿಯಂಥ ಮಾತೊಂದಿದೆ. ಅಲ್ಲಿ ಕಲ್ಲು ಉರುಳುವುದಿಲ್ಲ. ಜನ ಅದರ ಮೇಲೆ ಸದಾ ಓಡಾಡುವುದರಿಂದ ಮಾಸ್ ಕಟ್ಟದೆ ಹೋಗುತ್ತದೆ. ಆ ಕಾವ್ಯದ ಮೊದಲ ಪಾಠ ೧೩೬೦ರ ದಶಕದ್ದೆಂದು ಹೇಳುತ್ತಾರೆ. ೧೩೪೮ರಲ್ಲಿ ಮಹಾಮಾರಿ ಬಂದು ಇಂಗ್ಲೆಂಡಿನ ಜನದಲ್ಲಿ ದೊಡ್ಡ ಪಾಲು ಅಳಿದಿತ್ತು. ಕೂಲಿಯಾಳುಗಳು ಸಿಕ್ಕದಾದರು. ಬದುಕಿ ಉಳಿದ ಆಳು ‘ಇಲ್ಲಿ ಕೂಲಿ ಕಡಿಮೆ, ಪಕ್ಕದ ಊರಿನಲ್ಲಿ ಹೆಚ್ಚು’ ಎಂದು ಹೊರಟುಬಿಡುತ್ತಿದ್ದ. ಒಡೆಯರಿಗೆ ಸಿಟ್ಟು ಬಂದಿತು. ೧೩೪೯ರ ರಾಜಾಜ್ಞೆ, ೧೩೫೧ರ ಶಾಸನ, ಎರಡೂ ಕೂಲಿಯನ್ನು ಮಹಾಮಾರಿಗೆ ಹಿಂದಿನ ದರಕ್ಕೇ ಕಟ್ಟಿಹಾಕಿದವು. ೧೩೮೮ರಲ್ಲಿ ಕೇಂಬ್ರಿಜಿನಲ್ಲಿ ಸೇರಿದ ಪಾರ್ಲಿಮೆಂಟು, ಆಳಾದವನು ತನ್ನ ಹೋಬಳಿಯನ್ನು ಬಿಟ್ಟು ಹೋಗಬೇಕಾದರೆ ಮೊಹರು ಹಾಕಿದ ಪತ್ರ ಕೈಯಲ್ಲಿರಬೇಕೆಂದು ವಿಧಿಸಿತು. ಪತ್ರವಿಲ್ಲದವನಿಗೆ ಕಾಲುಕೋಳ.

ಈಗ ನಾವು ಹೇಳುವುದಕ್ಕೆ ಬಹು ಹತ್ತಿರವಾದ ರೂಪದಲ್ಲಿ ಗಾದೆ ಇಂಗ್ಲಿಷಿನಲ್ಲಿ ಅಚ್ಚಾದದ್ದು ೧೫೪೬ರಲ್ಲಿ, ಜಾನ್ ಹೇವುಡ್ ಎಂಬಾತನ ಪುಸ್ತಕದಲ್ಲಿ. ಆತ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಸಂಗೀತಗಾರನೂ ನಾಟಕಕಾರನೂ ಆಗಿದ್ದವನು. ಬಡವಳಾದ ಎಳೆಯ ಹುಡುಗಿಯನ್ನು ಮದುವೆಯಾಗಲೋ, ಹಣವಂತಳಾದ ಮುದಿ ವಿಧವೆಯನ್ನೋ ಎಂದು ಒಬ್ಬ ಯುವಕ ಕೇಳುವ ಸಲಹೆಯನ್ನೇ ನೆಪ ಮಾಡಿಕೊಂಡು, ಇಂಗ್ಲಿಷಿನಲ್ಲಿ ಆಗ ಬಳಕೆಯಲ್ಲಿದ್ದ ಗಾದೆಗಳನ್ನೆಲ್ಲ ಪದ್ಯದಲ್ಲಿ ಪೋಣಿಸಿದ್ದಾನೆ. ಓದಿದರೆ ನಮ್ಮ ಹಳ್ಳಿಯ ಹಿರಿಯರು ಪಂಚಾಯಿತಿ ಕಟ್ಟೆಯಲ್ಲಿ ಕುಳಿತು ಮಾತಿಗೊಂದು ಗಾದೆ ಬಿಡುವುದು ನೆನಪಾಗುತ್ತದೆ. ಆತನ ಮುಂದಿನ ಗತಿಯೇನಾಯಿತು ಕೇಳಿ: ಕ್ಯಾಥೊಲಿಕ್ ಮತವನ್ನು ಬಿಡಲೊಪ್ಪದ ಆ ವೃದ್ಧ ೧೫೬೪ರಲ್ಲಿ ದೇಶ ಬಿಟ್ಟು ಓಡಿ, ಕಡಲಾಚೆಯ ಪರದೇಶದಲ್ಲಿಯೇ ತೀರಿಕೊಂಡ.

ಇವನಿಗಿಂತಲೂ ಸ್ವಾರಸ್ಯವಾದದ್ದು ಥಾಮಸ್ ಟಸರನ ಕಥೆ. ಒಕ್ಕಲುತನದ ಬಗೆಗೆ ಪದ್ಯದಲ್ಲಿ ನೂರು ಹಿತವಚನಗಳನ್ನು ೧೫೫೭ರಲ್ಲಿಯೂ, ಅದನ್ನು ಹಿಗ್ಗಿಸಿ ಐನೂರು ಹಿತವಚನಗಳನ್ನು ೧೫೭೩ರಲ್ಲಿಯೂ ಅಚ್ಚು ಹಾಕಿಸಿದವನು ಈತ. ನಮ್ಮ ಸರ್ವಜ್ಞನ ವಚನಗಳ ಹಾಗೆ ಆ ಪುಸ್ತಕ ಮನೆಮಾತಾಗಿತ್ತು. ಅದರಲ್ಲಿ ಉರುಳುವ ಕಲ್ಲಿನ ಮಾತು ಬರುತ್ತದೆ. ‘ಮಾಸ್’ ಎಂಬುದಕ್ಕೆ ‘ಲಾಸ್’ ಎಂದು ಪ್ರಾಸ ಕಟ್ಟಿ, ಆಳು ಒಡೆಯನನ್ನು ಬದಲಿಸುವುದೂ ಒಡೆಯ ಆಳನ್ನು ಬದಲಿಸುವುದೂ ನಷ್ಟವೇ ಎಂದು ಟಸರ್ ಬೋಧಿಸಿದ. ತಾನು ಮಾಡಿದ್ದೇನು? ಗಾಯಕ, ಅರಮನೆಯ ಸೇವಕ, ರೈತ, ಮತ್ತೆ ಬೇರೆ ಊರಿನಲ್ಲಿ ರೈತ, ಹೀಗೆ ಕಸುಬು ಬದಲಿಸುತ್ತ, ಊರು ಬದಲಿಸುತ್ತ, ಸಾಲ ಮಾಡಿ, ೧೫೮೦ರಲ್ಲಿ ಲಂಡನ್ನಿನ ಸಾಲಗಾರರ ಸೆರೆಮನೆಯಲ್ಲಿ ಪ್ರಾಣಬಿಟ್ಟ. ಹದಿನೇಳನೆಯ ಶತಮಾನದ ಥಾಮಸ್ ಫುಲ್ಲರ್ ಎಂಬ ಚರಿತ್ರಕಾರ, ಒಕ್ಕಲುತನದ ತತ್ತ್ವದಲ್ಲಿ ಇವನಿಗಿಂತ ಮೇಲಾದವರೂ ಇಲ್ಲ, ಆಚರಣೆಯಲ್ಲಿ ಇವನಿಗಿಂತ ಕೀಳಾದವರೂ ಇಲ್ಲ ಎಂಬರ್ಥದಲ್ಲಿ ಹಾಸ್ಯ ಮಾಡಿದ್ದಾನೆ.

ಇಷ್ಟರವರೆಗೆ ನಗುವ ಮಾತಾಯಿತು. ಇನ್ನು ಮುಂದಿನದು ನಗುವಂಥದಲ್ಲ. ಹೇವುಡನ ಪುಸ್ತಕ ಹೊರಬಂದ ಮರುವರ್ಷ, ಎಂದರೆ ೧೫೪೭ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಕೆಲಸವಿಲ್ಲದೆ ಅಲೆಯುವ ಗಟ್ಟಿಮುಟ್ಟಾದ ಮನುಷ್ಯನನ್ನು ಯಾರಾದರೂ ಹಿಡಿದುಕೊಟ್ಟರೆ, ಅವನ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ವಿ’ ಅಕ್ಷರವನ್ನು ಬರೆಹಾಕಿ, ಹಿಡಿದುಕೊಟ್ಟವನಿಗೇ ಎರಡು ವರ್ಷ ಗುಲಾಮನನ್ನಾಗಿ ಒಪ್ಪಿಸಬೇಕು. ತಪ್ಪಿಸಿಕೊಂಡು ಓಡಿದರೆ ಹಣೆಗೋ ಕೆನ್ನೆಗೋ ‘ಎಸ್’ ಅಕ್ಷರದ ಬರೆ, ಸಾಯುವವರೆಗೆ ಗುಲಾಮಗಿರಿ. ಮತ್ತೆ ಓಡಿದರೆ ಮರಣದಂಡನೆ. ಇಷ್ಟು ಕ್ರೂರವಾದ ಕಾನೂನನ್ನು ನಡೆಸಲು ಜನಕ್ಕೇ ಮನಸ್ಸು ಬಾರದೆ ೧೫೫೦ರಲ್ಲಿ ಅದನ್ನು ರದ್ದುಗೊಳಿಸಿದರು. ಆದರೆ ಅದಕ್ಕೆ ಹಿಂದಿನ ೧೫೩೧ರ ಕಾನೂನು ಮತ್ತೆ ಜಾರಿಗೆ ಬಂದಿತು: ಅಲೆಮಾರಿಯನ್ನು ಗಾಡಿಯ ಹಿಂಬದಿಗೆ ಕಟ್ಟಿ ಮೈಯಲ್ಲಿ ರಕ್ತ ಬರುವವರೆಗೆ ಚಾವಟಿಯಿಂದ ಹೊಡೆದು ಹುಟ್ಟಿದೂರಿಗೆ ಅಟ್ಟುವುದು. ೧೫೭೨ರಲ್ಲಿ ಬಂದದ್ದು ಬಲಗಿವಿಯನ್ನು ಕಾದ ಕಬ್ಬಿಣದಿಂದ ತೂತು ಮಾಡುವ ಶಿಕ್ಷೆ. ಈ ಅಲೆಮಾರಿಗಳೆಲ್ಲ ಸೋಮಾರಿಗಳೇನೂ ಆಗಿರಲಿಲ್ಲ. ಉಣ್ಣೆಯ ವ್ಯಾಪಾರ ಲಾಭಕರವಾದದ್ದರಿಂದ ಜಮೀನುದಾರರು ಉಳುವ ಹೊಲಕ್ಕೂ ಗೋಮಾಳಕ್ಕೂ ಬೇಲಿ ಹಾಕಿ ಕುರಿ ಬಿಟ್ಟರು, ಮಠಗಳು ಮುಚ್ಚಿಹೋದವು, ಧಾನ್ಯದ ಬೆಲೆ ಏರಿತು. ಕಲ್ಲು ತಾನಾಗಿ ಉರುಳಲಿಲ್ಲ. ಅದನ್ನು ತಳ್ಳಿದವರು ಬೇರೆ ಇದ್ದರು. ತಳ್ಳಿದವರೇ ಆಮೇಲೆ ‘ನೋಡಿದಿರಾ, ಉರುಳುವ ಕಲ್ಲಿಗೆ ಮಾಸ್ ಕಟ್ಟದು’ ಎಂದರು. ಗಾದೆಯಿಂದ ಕಾನೂನು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಎರಡನ್ನೂ ಹೆತ್ತ ಮನಸ್ಸು ಒಂದೇ, ಅದು ನೆಲವುಳ್ಳವನ ಮನಸ್ಸು.

ಈ ಗಾದೆ ಕಡಲು ದಾಟಿ ಅಮೆರಿಕಕ್ಕೆ ಹೋದಾಗ ಅದರ ಅರ್ಥ ತಿರುವುಮುರುವಾಗತೊಡಗಿತು. ಹೊಸ ನೆಲವನ್ನು ಹುಡುಕುತ್ತ ಪಡುವಣಕ್ಕೆ ನಡೆದವರ ದೇಶ ಅದು. ಅಲುಗದೆ ಕೂತವನಿಗೆ ಅಲ್ಲಿ ಮಾನವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಲ್ಲಿ ‘ಮಾಸ್‌ಬ್ಯಾಕ್’, ಎಂದರೆ ‘ಬೆನ್ನಿಗೆ ಪಾಚಿ ಕಟ್ಟಿದವನು’, ಎಂಬ ಬೈಗುಳ ಹುಟ್ಟಿತು. ಹಳೆಯದಕ್ಕೆ ಜೋತುಬಿದ್ದ ಮನುಷ್ಯ ಎಂದರ್ಥ. ನಮ್ಮ ಶಾಲೆಯ ಹುಡುಗರು ಬರೆದ ಎರಡನೆಯ ಉತ್ತರವನ್ನು ಅಮೆರಿಕದ ಮೇಷ್ಟರು ಹೊಡೆದುಹಾಕಲಾರರು.

ಆದರೆ ಅರ್ಥ ಹೀಗೆ ಬದಲಾದ ಬಗೆಯನ್ನು ತಿಳಿಯಬೇಕಾದರೆ ವಲಸೆ ಹೋದ ಬಿಳಿಯರನ್ನಷ್ಟೇ ನೋಡಿದರೆ ಸಾಲದು. ಆ ದೇಶದ ಕರಿಯ ಜನರ ಕಡೆಗೂ ನೋಡಬೇಕು. ೧೮೬೫ರಲ್ಲಿ ಗುಲಾಮಗಿರಿ ಅಳಿಯಿತಷ್ಟೆ. ಅದೇ ವರ್ಷದ ಕೊನೆಯಲ್ಲಿ ಮಿಸಿಸಿಪಿ ಸಂಸ್ಥಾನ ಅಲೆಮಾರಿತನದ ಕಾನೂನನ್ನು ತಂದಿತು. ಬಿಡುಗಡೆ ಹೊಂದಿದ ನೀಗ್ರೋ ಪ್ರತಿ ಜನವರಿಯಲ್ಲಿಯೂ ತನಗೆ ಮನೆ ಅಥವಾ ಕೆಲಸ ಇದೆಯೆಂಬುದಕ್ಕೆ ಲಿಖಿತ ದಾಖಲೆ ತೋರಿಸಬೇಕು, ಇಲ್ಲವಾದರೆ ದಂಡ, ದಂಡ ತೆರಲಾರದವನ ದುಡಿಮೆಯನ್ನು ಹರಾಜು ಹಾಕುವಂತೆ ಇನ್ನೊಬ್ಬರಿಗೆ ಒಪ್ಪಿಸುವುದು. ಆ ಕಾನೂನು ಬೇಗನೆ ಹೋದರೂ ಅಂಥವು ಬೇರೆ ಹೆಸರಿನಿಂದ ಬಹುಕಾಲ ಉಳಿದವು. ಅರೆಪಾಲಿನ ಬೇಸಾಯ, ಒಡೆಯನ ಅಂಗಡಿಯ ಸಾಲ, ಇವು ಉಳಿದದ್ದನ್ನು ಪೂರೈಸಿದವು. ಹತ್ತಿಯ ತೋಟದಿಂದ ಒಂದು ಹೆಜ್ಜೆ ಆಚೆಗಿಡುವುದೇ ಅಪರಾಧವಾಗಿದ್ದವನಿಗೆ ‘ಉರುಳುವ ಕಲ್ಲು’ ಎಂಬುದು ಬೈಗುಳವಾಗಿ ಹೇಗೆ ಕೇಳಿಸೀತು? ಅದು ಸ್ವಾತಂತ್ರ್ಯದ ಹೆಸರಾಗಿಯೇ ಕೇಳಿಸಿತು. ಮಿಸಿಸಿಪಿಯ ಒಂದು ತೋಟದಲ್ಲಿ ಬೆಳೆದು, ೧೯೪೩ರಲ್ಲಿ ರೈಲು ಹತ್ತಿ ಶಿಕಾಗೋ ನಗರಕ್ಕೆ ಹೊರಟುಹೋದ ಮಡ್ಡಿ ವಾಟರ್ಸ್ ಎಂಬ ಗಾಯಕ ೧೯೫೦ರಲ್ಲಿ ‘ರೋಲಿನ್ ಸ್ಟೋನ್’ ಎಂಬ ಹಾಡಿನ ತಟ್ಟೆಯನ್ನು ಹೊರತಂದ. ಹುಟ್ಟಲಿರುವ ಗಂಡುಮಗು ಉರುಳುವ ಕಲ್ಲಾಗುವನೆಂಬ ಭಾವ ಅದರಲ್ಲಿದೆ. ಆ ಹಾಡಿನ ಹೆಸರನ್ನೇ ೧೯೬೨ರಲ್ಲಿ ಲಂಡನ್ನಿನ ಕೆಲವು ತರುಣರು ತಮ್ಮ ವಾದ್ಯಮೇಳಕ್ಕೆ ಇಟ್ಟುಕೊಂಡರು. ೧೯೬೫ರಲ್ಲಿ ಬಾಬ್ ಡಿಲನ್ ಬರೆದು ಹಾಡಿದ ಪ್ರಸಿದ್ಧ ಗೀತದಲ್ಲಿ, ಸಿರಿವಂತಿಕೆಯಿಂದ ಬೀದಿಗೆ ಬಿದ್ದ ಹೆಂಗಸೊಬ್ಬಳನ್ನು ಕುರಿತು ಅದೇ ಹೋಲಿಕೆ ಬರುತ್ತದೆ. ಅಲ್ಲಿ ಮನೆಯಿಲ್ಲದ ಭಯವೂ ಕಟ್ಟಿಲ್ಲದ ಹಗುರವೂ ಒಟ್ಟಿಗೆ ಸೇರಿವೆ. ೧೯೬೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅದೇ ಹೆಸರಿನ ಪತ್ರಿಕೆಯೂ ಹುಟ್ಟಿತು. ಟಸರನ ಕಾಲದಲ್ಲಿ ಯಾವ ಹೆಸರಿನಿಂದ ಕರೆದರೆ ತಲೆ ತಗ್ಗಿಸಬೇಕಾಗಿತ್ತೋ ಅದೇ ಹೆಸರನ್ನು ಇಪ್ಪತ್ತನೆಯ ಶತಮಾನದವರು ಎದೆಯ ಮೇಲೆ ಪದಕದಂತೆ ತೊಟ್ಟರು. ಈ ಸಂಗೀತ ನನ್ನ ಕಿವಿಗೆ ಹಿಡಿಸದು, ಅದು ಬೇರೆ ಮಾತು.

ಜಪಾನಿನ ವಿಷಯವನ್ನು ಇಲ್ಲಿಯೇ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಲ್ಲಿಗೂ ಈ ಗಾದೆ ಪಶ್ಚಿಮದಿಂದ ಹೋಗಿ ನೆಲೆಸಿದೆ. ಅಲ್ಲಿಯೂ ಎರಡು ಅರ್ಥಗಳು ಜಗಳವಾಡುತ್ತವೆ. ಆದರೆ ಹಳೆಯ ಅರ್ಥಕ್ಕೆ ಅಲ್ಲಿ ಒಳ್ಳೆಯ ಆಸರೆಯುಂಟು. ಕ್ಯೋಟೋ ನಗರದ ಸಾಯ್‌ಹೋಜಿ ದೇವಾಲಯದ ತೋಟವನ್ನು ನೋಡಲು ಜನ ಬರುವುದೇ ಅಲ್ಲಿನ ಮಾಸಿಗಾಗಿ. ಜಪಾನಿನ ರಾಷ್ಟ್ರಗೀತೆಯೂ ರಾಜನ ಆಳ್ವಿಕೆಯ ದೀರ್ಘತೆಯನ್ನು ಹಾರೈಸುವಾಗ ಬಂಡೆಯ ಮೇಲಿನ ಹಸುರನ್ನೇ ನೆನೆಯುತ್ತದೆ.

ನಮ್ಮ ಕಡೆಗೆ ಬರೋಣ. ನಿಲ್ಲುವುದು ಮತ್ತು ಚಲಿಸುವುದು ಎಂಬ ಎರಡಕ್ಕೆ ಕನ್ನಡದಲ್ಲಿ ‘ಸ್ಥಾವರ’, ‘ಜಂಗಮ’ ಎಂಬ ಜೋಡಿಶಬ್ದವಿದೆ. ಹಳೆಯ ಕಾಗದಪತ್ರಗಳಲ್ಲಿ ಇದು ಆಸ್ತಿಯ ಮಾತು: ಮನೆ ಹೊಲ ಸ್ಥಾವರ, ದನಕರು ಒಡವೆ ಜಂಗಮ. ಹನ್ನೆರಡನೆಯ ಶತಮಾನದ ವಚನಕಾರರು ಈ ಲೌಕಿಕ ಜೋಡಿಯನ್ನು ಎತ್ತಿ ಬೇರೆಯೇ ಎತ್ತರದಲ್ಲಿ ಇಟ್ಟರು. ಕಲ್ಲಿನ ಗುಡಿಗಿಂತ ನಡೆದಾಡುವ ಭಕ್ತನೇ ಮಿಗಿಲೆಂದರು. ಸಂನ್ಯಾಸಿಗೂ ಜೈನ ಮುನಿಗೂ ಮಳೆಗಾಲದ ಚಾತುರ್ಮಾಸ್ಯವೊಂದನ್ನು ಬಿಟ್ಟರೆ ಒಂದೆಡೆ ನಿಲ್ಲಕೂಡದೆಂಬ ಕಟ್ಟಳೆಯಿತ್ತು. ಹೀಗೆ ಸಂಚಾರಕ್ಕೆ ಗೌರವವಿತ್ತೆನ್ನುವುದು ನಿಜ. ಆದರೆ ಕಾವಿ ಉಟ್ಟವನ ಸಂಚಾರಕ್ಕೆ ಇದ್ದ ಗೌರವ ಹೊಟ್ಟೆಪಾಡಿನವನ ಸಂಚಾರಕ್ಕೆ ಇತ್ತೆ? ‘ಕಾಲಿಗೆ ಚಕ್ರ ಕಟ್ಟಿಕೊಂಡವನು’, ‘ಕಾಲು ಸುಟ್ಟ ಬೆಕ್ಕಿನಂತೆ ತಿರುಗುವವನು’ ಎಂಬ ನಮ್ಮ ಮಾತುಗಳಲ್ಲಿ ಪ್ರೀತಿಗಿಂತ ಗದರಿಕೆಯೇ ಹೆಚ್ಚು.

ಇಂಗ್ಲೆಂಡಿನ ಆ ಹಳೆಯ ಕಾನೂನುಗಳ ಮನಸ್ಸು ನಮ್ಮ ನಾಡಿಗೂ ಬಂದಿತು. ೧೭೯೧–೯೨ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಅದಕ್ಕೆ ಧಾನ್ಯ ಹೊತ್ತು ತಂದದ್ದು ಲಂಬಾಣಿಗಳ ಎತ್ತಿನ ಹಿಂಡುಗಳು. ಅವರ ಅಲೆದಾಟವನ್ನು ಆಗ ಕಂಪನಿಯವರು ಹೊಗಳಿದರು. ಕೊರಚರು, ಕೊರವರು ಹೇರೆತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ಓಡಾಡುತ್ತಿದ್ದ ವ್ಯಾಪಾರಿಗಳು. ರೈಲು ಬಂದಿತು, ಉಪ್ಪು ಸರ್ಕಾರದ ಸ್ವತ್ತಾಯಿತು. ಎತ್ತಿನ ಬೆನ್ನು ಬರಿದಾಯಿತು. ಆ ಮೇಲೆ ೧೮೭೧ರಲ್ಲಿ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಬಂದಿತು. ಮೊದಲು ಉತ್ತರ ಹಿಂದೂಸ್ಥಾನಕ್ಕೆ ಅನ್ವಯಿಸಿದ ಅದನ್ನು ೧೯೧೧ರ ಹೊಸ ಕಾನೂನಿನಿಂದ ದಕ್ಷಿಣಕ್ಕೂ ಹಬ್ಬಿಸಿದರು. ಒಬ್ಬೊಬ್ಬನ ತಪ್ಪನ್ನು ವಿಚಾರಿಸುವ ಬದಲು ಜಾತಿಜಾತಿಯನ್ನೇ ಅಪರಾಧಿಯೆಂದು ಬರೆದುಕೊಳ್ಳುವ ಕಾನೂನು ಅದು. ಹೆಸರು ಬರೆಸಬೇಕು, ಬೆರಳೊತ್ತಬೇಕು, ಹೊತ್ತುಹೊತ್ತಿಗೆ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ೧೩೮೮ರ ಮೊಹರಿನ ಪತ್ರ ಇಲ್ಲಿ ಮತ್ತೆ ಜೀವ ತಳೆದಿತ್ತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ತಂತಿಬೇಲಿಯ ವಸತಿಗಳನ್ನು ಕಟ್ಟಿ, ತಿರುಗುತ್ತಿದ್ದವರನ್ನು ತಂದು ಒಳಗಿಟ್ಟರು. ನೆಲೆನಿಲ್ಲಿಸುವುದು ಎಂಬರ್ಥದ ‘ಸೆಟ್ಲ್‌ಮೆಂಟ್’ ಎಂದೇ ಅದಕ್ಕೆ ಹೆಸರು. ಬೇಲಿಯೊಳಗೆ ನಿಂತ ಕಲ್ಲಿಗೆ ಎಷ್ಟು ಮಾಸ್ ಕಟ್ಟಿತೆಂಬುದನ್ನು ಅಲ್ಲಿ ಹುಟ್ಟಿ ಬೆಳೆದ ಮುದುಕರಿಂದ ಕೇಳಿ ತಿಳಿಯಬೇಕು. ಸ್ವತಂತ್ರ ಭಾರತದಲ್ಲಿ ೧೯೫೨ರ ಆಗಸ್ಟ್ ೩೧ರಂದು ಆ ಕಾನೂನು ರದ್ದಾಯಿತು. ಆ ಜನಕ್ಕೆ ‘ವಿಮುಕ್ತ’ರೆಂಬ ಹೆಸರು ಬಂದಿತು. ಕಾನೂನು ಹೋದ ಮೇಲೂ ಬಡಾವಣೆಗಳಿಗೆ ಅಂಟಿದ ‘ಸೆಟ್ಲ್‌ಮೆಂಟ್’ ಎಂಬ ಮಾತು ಹುಬ್ಬಳ್ಳಿಯಲ್ಲಿ, ಗದಗು–ಬೆಟಗೇರಿಯಲ್ಲಿ ಜನರ ಬಾಯಲ್ಲಿ ಉಳಿಯಿತು.

ಕೊನೆಯದಾಗಿ, ಪ್ರಯೋಗದ ಬಗೆಗೆ ಕೇಳುವ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಬ್ರಿಟಿಷ್ ಲೇಖಕನ ಹಳೆಯ ಬರವಣಿಗೆಯಲ್ಲಿ ಈ ನುಡಿ ಕಂಡರೆ ಅದರಲ್ಲಿ ಆಕ್ಷೇಪಣೆ ಇದೆಯೆಂದೇ ತಿಳಿಯಿರಿ: ಅಲೆಯುವವನಿಗೆ ಹಣವೂ ಕೂಡದು, ಮನೆಯೂ ಕೂಡದು, ಬಂಧುಬಳಗವೂ ಕೂಡದು. ಆಡುಮಾತಿನಲ್ಲಿ ‘ಅವನೊಬ್ಬ ಉರುಳುವ ಕಲ್ಲು’ ಎಂದರೆ ಆಕ್ಷೇಪಣೆಯ ಜೊತೆಗೆ ಒಂದಿಷ್ಟು ಸಲಿಗೆಯೂ ಇರಬಹುದು. ಅಮೆರಿಕದ ಅಥವಾ ಈಚಿನ ಬರವಣಿಗೆಯಾದರೆ ಹಿಂದುಮುಂದಿನ ವಾಕ್ಯಗಳನ್ನು ನೋಡಿ ನಿರ್ಧರಿಸಬೇಕು. ಕನ್ನಡಕ್ಕೆ ತರುವಾಗ ‘ಪಾಚಿ’ ಎಂದರೆ ಹೊಸ ಅರ್ಥಕ್ಕೆ ಸರಿಹೋಗುತ್ತದೆ, ಹಳೆಯದಕ್ಕೆ ಒಗ್ಗುವುದಿಲ್ಲ. ಹಳೆಯ ಅರ್ಥವೇ ಬೇಕಾದಾಗ ಮಾಸನ್ನು ಕೈಬಿಟ್ಟು, ‘ಉರುಳುವ 
ಕಲ್ಲಿನ ಮೇಲೆ ಹಸುರು ಹಬ್ಬದು’ ಎಂದು ನಾನು ಹುಡುಗರಿಗೆ ಬರೆಯಿಸುತ್ತ ಬಂದಿದ್ದೇನೆ. ಹಸುರು ಎಂದೊಡನೆ ಅದು ಬೇಕಾದ ವಸ್ತುವೆಂಬುದು ಅವರಿಗೆ ಹೇಳದೆಯೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಕನ್ನಡ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ, ಅದನ್ನೇ ಬಳಸತಕ್ಕದ್ದು.